ಅಕ್ಕನ ಪಾಳಿ

ವಾರಕ್ಕೆ ಮೂರು ದಿನ ಓಬಮ್ಮ ಆಸ್ಪತ್ರೆಯಲ್ಲಿ ತಮ್ಮ ಬೋರಯ್ಯನ ಪಕ್ಕ ಮಲಗಿ, ನಾಲ್ಕು ಗಂಟೆ ತನ್ನ ಕಿಡ್ನಿಯನ್ನು ಎರವಲು ಕೊಡುತ್ತಿದ್ದಳು. ಇಬ್ಬರ ತೋಳಿಗೂ ಒಂದೇ ನಳಿಕೆ; ಅವನ ರಕ್ತ ಅವಳ ಮೈಯೊಳಗೆ ಹರಿದು, ಶುದ್ಧವಾಗಿ ಮರಳುತ್ತಿತ್ತು. ಯಾರೂ ದಿಕ್ಕಿಲ್ಲದವರಿಗೆ ಮಾತ್ರ ಮೂಲೆಯಲ್ಲಿದ್ದ ಹಳೆಯ ಡಯಾಲಿಸಿಸ್ ಯಂತ್ರ.

"ಜ್ವರ, ಕೆಮ್ಮು ಏನಾದ್ರೂ ಐತಾ ಅಮ್ಮಾ?" ನರ್ಸ್ ಎಂದಿನಂತೆ ಬಾಗಿಲಲ್ಲೇ ಕೇಳಿದಳು.

"ಇಲ್ಲ ಕಣವ್ವ."

ಇವತ್ತು ಅದು ನಿಜ. ಎರಡು ವರ್ಷದ ಹಿಂದೆ, ಕೊರೊನಾ ಕಾಲದಲ್ಲಿ, ಸುಳ್ಳಾಗಿತ್ತು. ನಾನಿರುವಾಗ ತಮ್ಮನಿಗೆ ಯಂತ್ರ ಯಾಕೆ ಎಂಬ ಹಟದಲ್ಲಿ ಜ್ವರ ಮುಚ್ಚಿಟ್ಟಿದ್ದಳು. ಅವಳು ನಾಲ್ಕೇ ದಿನಕ್ಕೆ ಎದ್ದು ಓಡಾಡಿದಳು. ಸೋಂಕು ತಗುಲಿದ ಬೋರಯ್ಯ ಬದುಕಿಕೊಂಡನಾದರೂ ಮೊದಲಿನಂತಾಗಲಿಲ್ಲ. ನಡೆದು ಬರುತ್ತಿದ್ದವನನ್ನು ಈಗ ಗಾಲಿಕುರ್ಚಿಯಲ್ಲಿ ತರಬೇಕು.

ನರ್ಸ್ ನಳಿಕೆ ಜೋಡಿಸಿ ಹೋದ ಮೇಲೆ ಓಬಮ್ಮ ಬಾಯಿಬಿಟ್ಟಳು. "ಅವತ್ತು ನಂಗೆ ಜ್ವರ ಇತ್ತು ಕಣೋ."

"ಗೊತ್ತಿತ್ತು ಕಣಕ್ಕ. ನಿನ್ನ ರಕ್ತ ಒಳಗೆ ಬಂದಾಗ್ಲೇ ಸುಡ್ತಿತ್ತು."

"ಮತ್ಯಾಕೋ ಸುಮ್ಮನಿದ್ದೆ?"

ಬೋರಯ್ಯ ಉಸಿರು ಕೂಡಿಸಿಕೊಂಡ. "ಹೇಳಿದ್ರೆ ನಿನ್ನ ಎಬ್ಬಿಸಿ ಕಳಿಸ್ತಿದ್ರು. ಆ ಯಂತ್ರದಿಂದ ಬರೋ ರಕ್ತ ತಣ್ಣಗಿರುತ್ತಂತೆ ಅಕ್ಕ. ನಂಗೆ ಹೆದರಿಕೆ ಆಯ್ತು."

ಓಬಮ್ಮ ಮೂಲೆಯತ್ತ ನೋಡಿದಳು. ಯಂತ್ರ ಖಾಲಿಯಿತ್ತು. ಅವತ್ತೂ ಖಾಲಿಯೇ ಇತ್ತು.