ಎತ್ತಿನ ಗೆಜ್ಜೆ

ಊರಿಗೆ ಹೊರಟಿದ್ದ ಚಂದ್ರಬಾಯಿ ಗೋಡೆಯ ಮೊಳೆಯಿಂದ ಚೀಲ ಇಳಿಸಿದ್ದೇ ತಡ, ಅದು ಘಲ್ ಎಂದಿತು. ಮಾಪಣ್ಣನ ಎದೆ ಧಸಕ್ಕೆಂದಿತು.

ಆಕೆಯದೇನೂ ತಪ್ಪಿಲ್ಲ. ಮುಂಬೈ ಮಗ್ಗುಲಿನ ದಿವಾದ ಆ ಚಾಳಿನಲ್ಲಿ ಊರಿಗೆ ಹೊರಟವರು ತಮ್ಮ ಕಡೆಯವರ ಮನೆಮನೆಗೂ ಹೋಗಿ, ಕಳಿಸುವುದೇನಾದರೂ ಇದೆಯೇ ಎಂದು ಕೇಳಿ ಗಂಟು ಇಸಕೊಂಡು ಹೋಗುವುದು ವಾಡಿಕೆ. ಊರಲ್ಲಿರುವ ಅಣ್ಣನಿಗೆಂದು ಮಾಪಣ್ಣ ಒಂದು ಹೊಸ ಅಂಗಿ, ಮೊಬೈಲಿನ ಚಾರ್ಜರು ತೆಗೆದಿಟ್ಟಿದ್ದ. ಆಕೆ ಕೈ ಹಾಕಿದ್ದು ಪಕ್ಕದ ಚೀಲಕ್ಕೆ. ಅದು ಮಗ ಭೀಮುವಿನ ಕಬಡ್ಡಿ ಚೀಲ.

“ಇದೇನೋ ಮಾಪಣ್ಣಾ, ಗೆಜ್ಜಿ!” ಚಂದ್ರಬಾಯಿ ಎರಡೂ ಪಟ್ಟಿ ಹೊರಗೆಳೆದು ಬಾಗಿಲ ಬೆಳಕಿಗೆ ಹಿಡಿದಳು. “ಯಾರ ಕಾಲಿಗೋ ಇವು?”

ಯಾರ ಕಾಲಿಗೆಂದು ಹೇಳುವುದು ಹೇಗೆ? ಕಬಡ್ಡಿ ಕಲಿಸುವ ವಿಕಾಸ್ ಸರ್ ಬೇಸಿಗೆಗೆ ಮುಂಚೆ, “ನಿಮ್ಮ ಹುಡುಗನ ಕೈ ಹುಲಿ, ಕಾಲು ಎಮ್ಮೆ” ಎಂದು ನಕ್ಕಿದ್ದರು. ಹೆಜ್ಜೆ ಹಗುರಾಗಲಿ, ಮೊಣಕಾಲು ಗಟ್ಟಿಯಾಗಲಿ ಎಂದು ಅವನನ್ನೂ ಇನ್ನಿಬ್ಬರು ಆಟಗಾರರನ್ನೂ ಡೊಂಬಿವಲಿಯ ವೇದಾವತಿ ಟೀಚರ ಭರತನಾಟ್ಯದ ಕ್ಲಾಸಿಗೆ ಅಟ್ಟಿದ್ದರು. ಇನ್ನಿಬ್ಬರು ವಾರದೊಳಗೆ ಓಡಿಹೋದರು. ಭೀಮು ಉಳಿದ. ಅವನ ಕಾಲು ಎಷ್ಟು ಚುರುಕಾಯಿತೆಂದರೆ ಜಿಲ್ಲಾ ತಂಡದ ಆಯ್ಕೆಗೆ ಅವನ ಹೆಸರೂ ಹೋಯಿತು. ಕಬಡ್ಡಿಯಿಂದ ಒಂದು ಪೊಲೀಸ್ ನೌಕರಿ ಸಿಕ್ಕರೆ ಸಾಕು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ತಾನು ಹೊರುವ ಮೂಟೆ ಮಗನ ಬೆನ್ನಿಗೆ ಬಾರದು. ಇದು ಮಾಪಣ್ಣನ ಆಸೆ. ಮೊನ್ನೆ ಟೀಚರು ಪೂಜೆ ಮಾಡಿಸಿ ಹುಡುಗನಿಗೆ ಗೆಜ್ಜೆ ಕೊಟ್ಟಾಗ, ಕಬಡ್ಡಿ ಆಡುವವನಿಗೆ ಗೆಜ್ಜೆ ಯಾಕೆಂದು ಮಾಪಣ್ಣ ಕೇಳಿರಲಿಲ್ಲ. ಚಾಳಿನಲ್ಲಿ ಮಾತ್ರ ಮಗ ಜಿಮ್ಮಿಗೆ ಹೋಗುತ್ತಾನೆಂದೇ ಹೇಳಿಕೊಂಡು ಬಂದಿದ್ದ. ಗಂಡುಹುಡುಗ ಗೆಜ್ಜೆ ಕಟ್ಟಿ ಕುಣಿಯುತ್ತಾನೆಂದು ಚಂದ್ರಬಾಯಿಗೆ ಗೊತ್ತಾದರೆ ಮುಗಿಯಿತು. ಆಕೆಯ ರೈಲು ವಾಡಿ ಜಂಕ್ಷನ್ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿರುತ್ತದೆ.

“ಎತ್ತಿನವು ಅಕ್ಕಾ,” ಎಂದುಬಿಟ್ಟ ಮಾಪಣ್ಣ. “ಅಣ್ಣನ ಎತ್ತಿಗಂತ ತಂದಿಟ್ಟೀನಿ. ಕಾರಹುಣ್ಣಿಮಿ ಬಂತಲ್ಲ.”

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕು ಎನ್ನುತ್ತಾರೆ. ಇಲ್ಲಿ ಎರಡನೆಯದೂ ಬೇಕಾಗಲಿಲ್ಲ. ಚಂದ್ರಬಾಯಿಯ ಮುಖ ಅರಳಿತು.

“ಛಲೋ ಮಾಡಿದಿ ನೋಡು! ಮುಂಗಾಲಿಗೆ ಕಟ್ಟಿದರ ಭಾರಿ ಒಪ್ಪತಾವ. ಕೊಡು ಮತ್ತ, ನಾನೇ ಒಯ್ತೀನಿ.”

ಮೂಲೆಯಲ್ಲಿ ಕೂತಿದ್ದ ಭೀಮು ಎದ್ದು ನಿಂತ. ದಿವಾದಲ್ಲೇ ಹುಟ್ಟಿ ಬೆಳೆದ ಅವನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. “ಪಪ್ಪಾ, ಮತ್ ದೋ ನಾ,” ಎಂದ. ಕೊಡಬೇಡ ಎನ್ನುವುದು ಅವನ ದನಿಯಲ್ಲೇ ಇತ್ತು.

“ಏನಂತಾನೋ ಹುಡುಗ?”

“ಏನಿಲ್ಲಕ್ಕಾ. ಹುಡುಗರ ಬುದ್ಧಿ. ಆಡಲಿಕ್ಕ ಬೇಕಂತ.”

ಮಗನ ಕಣ್ಣು ತಪ್ಪಿಸಿ ಮಾಪಣ್ಣ ತಾನೇ ಗೆಜ್ಜೆಯನ್ನು ಅಂಗಿಯಲ್ಲಿ ಸುತ್ತಿ ಆಕೆಯ ಗಂಟಿಗೆ ತುರುಕಿದ. ಪ್ರತಿ ಸಲ ಚೀಲದಲ್ಲಿಡುವ ಮುಂಚೆ ಹುಡುಗ ಅವನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಅವನು ಕಂಡಿದ್ದ. ಆದರೂ, ಸದ್ಯ, ಮಾನ ಉಳಿಯಿತು ಎಂದುಕೊಂಡ.

ಅವತ್ತಿನಿಂದ ಭೀಮು ಡೊಂಬಿವಲಿಯ ಕಡೆ ತಲೆ ಹಾಕಲಿಲ್ಲ. ಗೆಜ್ಜೆ ಎಲ್ಲಿ ಎಂದರೆ ಟೀಚರಿಗೆ ಏನು ಹೇಳಲಿ ಎಂದು ಒಮ್ಮೆ ಕೇಳಿದ, ಅಷ್ಟೇ. ವೇದಾವತಿ ಟೀಚರೇ ಫೋನು ಮಾಡಿದರು. “ಹುಡುಗ ಯಾಕೆ ಬರ್ತಾ ಇಲ್ಲ ಮಾರಾಯ್ರೆ? ಹುಷಾರಿದ್ದಾನಲ್ಲ?” “ಅದಾನ್ರೀ, ಬರ್ತಾನ್ರೀ” ಎಂದು ಮಾಪಣ್ಣ ಮಾತು ಮುಗಿಸಿದ. ಅತ್ತ ಮೈದಾನದಲ್ಲಿ ಹುಡುಗ ರೈಡಿಗೆ ಹೋದಾಗಲೆಲ್ಲ ಸಿಕ್ಕಿಬೀಳತೊಡಗಿದ. “ಕಾಲು ಮತ್ತೆ ಎಮ್ಮೆಯಾಯಿತಲ್ಲ,” ಎಂದರು ವಿಕಾಸ್ ಸರ್. ಈ ಸಲ ಅವರು ನಗಲಿಲ್ಲ. ಆಯ್ಕೆಗೆ ಇನ್ನೊಂದೇ ವಾರ ಉಳಿದಿತ್ತು.

ಕಾರಹುಣ್ಣಿಮೆಯ ಸಂಜೆ ಊರಿನಿಂದ ವಿಡಿಯೋ ಬಂತು. ಅಣ್ಣನ ಎತ್ತು! ಕೋಡಿಗೆ ಬಣ್ಣ, ಬೆನ್ನ ಮೇಲೆ ಹೊದಿಸಿದ ಬಣ್ಣದ ಝೂಲ, ಮುಂಗಾಲಿಗೆ ಗೆಜ್ಜೆ. ಹಲಗೆಯ ಬಡಿತಕ್ಕೆ ಎತ್ತು ಕಾಲೆತ್ತಿ ಎತ್ತಿ ಇಡುತ್ತಿತ್ತು. ಕಲ್ಲಿಮೀಸೆಯ ಗಂಡಸರು ಶಿಳ್ಳೆ ಹಾಕುತ್ತ ರುಮಾಲುಗಳನ್ನು ಗಾಳಿಗೆ ತೂರುತ್ತಿದ್ದರು. “ನಮ್ಮ ಮಾಪಣ್ಣನ ಮುಂಬೈ ಗೆಜ್ಜಿ ನೋಡ್ರೋ!” ಎಂದು ಅಣ್ಣ ಕೂಗುವುದೂ ಕೇಳಿತು. ಮಾಪಣ್ಣನಿಗೆ ಹಿಗ್ಗು ತಡೆಯಲಾಗಲಿಲ್ಲ.

“ಭೀಮ್ಯಾ, ಬಾ ಇಲ್ಲಿ. ನಿನ್ನ ಗೆಜ್ಜಿ ಊರಾಗ ಹೆಂಗ ಮೆರೀತಾವ ನೋಡು!”

ಭೀಮು ಬಂದು ಫೋನು ಕೈಗೆ ತೆಗೆದುಕೊಂಡ. ಕೊನೆಯವರೆಗೂ ನೋಡಿದ. ಹಲಗೆ ಬಡಿದಂತೆಲ್ಲ ಅವನ ಬರಿಗಾಲು ನೆಲವನ್ನು ಮೆಲ್ಲಗೆ ತಟ್ಟುತ್ತಿದ್ದುದನ್ನು ಮಾಪಣ್ಣ ಕಂಡ. ವಿಡಿಯೋ ಮುಗಿದ ಮೇಲೆ ಹುಡುಗ ಫೋನು ಹಿಂದಿರುಗಿಸಿ, ಅಪ್ಪನಿಗೆ ಸರಿಯಾಗಿ ತಿಳಿಯಲೆಂದೋ ಏನೋ, ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದ:

“ಎತ್ತು ಕುಣೀತದ, ಪಪ್ಪಾ. ಯಾರೂ ನಗ್ತಿಲ್ಲ.”