ತುಂಬಿದ ಮೇಲೇ ಹೊರಡುವ ಪಿಂಚಣಿ

ತನಗೆ ಬರಬೇಕಾದ ಪಿಂಚಣಿಯನ್ನು ಏಳನೆಯ ಸಲವೂ ‘ಈಗ ಬೇಡ’ ಎಂದು ಬರೆದುಕೊಡಲು ತುಂಬ್ಲಿ ಡ್ರೈವರು ಎದೆಯುಬ್ಬಿಸಿಕೊಂಡು ಕಚೇರಿಯ ಕಿಟಕಿಗೆ ಬಂದು ನಿಂತ. ಒಳಗಿದ್ದ ಗುಮಾಸ್ತ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಯಮ ಬದಲಾಗಿದೆ, ಈ ವರ್ಷದಿಂದ ಹೆಂಡತಿ ಖುದ್ದಾಗಿ ಬಂದು ಎದುರಿಗೇ ಸಹಿ ಹಾಕಬೇಕು ಎಂದ.

“ಅದಕ್ಕೇನಂತೆ, ಕರ್ಕೊಂಡು ಬರ್ತೀನಿ,” ಎಂದ ಡ್ರೈವರು. “ಆರು ವರ್ಷದಿಂದ ಹಾಕ್ತಾನೇ ಇದ್ದಾಳೆ.”

ಹಾಕುತ್ತಿದ್ದದ್ದು ನಿಜ. ಪ್ರತಿ ವರ್ಷ ಇವನು ಕಾಗದವನ್ನು ಮಡಚಿ, ಸಹಿಯ ಜಾಗವಷ್ಟೇ ಕಾಣುವಂತೆ ಅವಳ ಇಸ್ತ್ರಿ ಮೇಜಿನ ಮೇಲಿಡುತ್ತಿದ್ದ. ಇನ್ನೊಂದೇ ವರ್ಷ ಕಣೇ, ಎನ್ನುತ್ತಿದ್ದ. ಅವಳು ಬೆವರು ಒರೆಸಿಕೊಂಡು ಗೀಚಿ ಕೊಡುತ್ತಿದ್ದಳು.

ಅವನಿಗೆ ತುಂಬ್ಲಿ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಸ್ಟೇರಿಂಗ್ ಹಿಡಿದ ಮೂವತ್ತೆಂಟು ವರ್ಷದಲ್ಲಿ ಅವನ ಬಸ್ಸು ಒಂದು ಸೀಟು ಖಾಲಿಯಿದ್ದರೂ ನಿಲ್ದಾಣ ಬಿಟ್ಟು ಕದಲಿದ್ದಿಲ್ಲ. “ತುಂಬ್ಲಿ, ತುಂಬ್ಲಿ,” ಎನ್ನುತ್ತ ಇಂಜಿನ್ನನ್ನು ಗುರುಗುಟ್ಟಿಸಿಕೊಂಡು ಕೂರುತ್ತಿದ್ದ. ಹಲ್ಲಿಲ್ಲದ ಕೂಸುಗಳಾಗಿ ಆ ಬಸ್ಸು ಹತ್ತಿದವರು ಮೀಸೆ ತಿರುವಿಕೊಂಡು ಇಳಿದಿದ್ದಾರೆ. ಮದುವೆಗೆಂದು ಹೊರಟವರು ಆ ದಂಪತಿಯ ಮೂರನೆಯ ಮಗುವನ್ನು ಎತ್ತಿ ಆಡಿಸಿ ಬಂದಿದ್ದಾರೆ. ಇದೂ ಕಡಿಮೆ ಮಾಡಿಯೇ ಹೇಳುತ್ತಿರುವುದು. ಅವನನ್ನು ಹೊರಡಿಸಲು ಊರಿಗೆ ಗೊತ್ತಿದ್ದದ್ದು ಒಂದೇ ಉಪಾಯ: ಯಾರಾದರೊಬ್ಬರು ಎದ್ದು, ಇಳಿದು, ನಡೆಯಲು ಶುರು ಮಾಡಬೇಕು. ತುಂಬುತ್ತಿದ್ದದ್ದು ಖಾಲಿಯಾಗುವುದನ್ನು ಕಂಡರೆ ಅವನ ಎದೆ ಧಸಕ್ಕೆನ್ನುತ್ತಿತ್ತು, ಬಲಗಾಲು ತಾನಾಗಿಯೇ ಆಕ್ಸಿಲರೇಟರ್ ತುಳಿಯುತ್ತಿತ್ತು.

ಪಿಂಚಣಿಗೂ ಅದೇ ನ್ಯಾಯ. ಅರವತ್ತಕ್ಕೆ ತೆಗೆದುಕೊಂಡರೆ ಕಡಿಮೆ, ವರ್ಷ ವರ್ಷ ತಡೆದಷ್ಟೂ ಹೆಚ್ಚು, ಎಪ್ಪತ್ತಕ್ಕೆ ಭರ್ತಿ. ಇದನ್ನು ಓದಿದ ದಿನ ಅವನಿಗೆ ಸರ್ಕಾರವೇ ತನ್ನ ಬಸ್ಸಿನಲ್ಲಿ ಓಡಾಡಿ ಬುದ್ಧಿ ಕಲಿತಿದೆ ಅನ್ನಿಸಿತು. ಅರವತ್ತಕ್ಕೇ ಕೈಚಾಚಿದ ಜೊತೆಯ ಡ್ರೈವರುಗಳನ್ನು ಖಾಲಿ ಬಸ್ಸು ಓಡಿಸುವ ದಡ್ಡರು ಎಂದು ಜರೆದ. ನೂರು ವರ್ಷ ಬದುಕಿ ಖಜಾನೆಯನ್ನು ಗುಡಿಸಿ ಗುಂಡಾಂತರ ಮಾಡುವ ಆಸೆಗೆ ಬೆಳಿಗ್ಗೆ ಎಷ್ಟು ನಡೆದನೆಂದರೆ, ಪಾರ್ಕಿನ ನೆಲ ಒಂದು ಮೊಳ ತಗ್ಗಿತು. ಅಷ್ಟು ದಿನ ಮನೆಯ ಒಲೆ ಉರಿಸಿದ್ದು ಹೆಂಡತಿ. ಅರವತ್ತಮೂರರ ಆಕೆ ಲಾಂಡ್ರಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಊರಿನವರ ಸುಕ್ಕನ್ನೆಲ್ಲ ಬಿಡಿಸುತ್ತಿದ್ದಳು. ಮನೆಗೆ ಬಂದು ಇವನ ಬಿಳಿ ಅಂಗಿಯ ಮಡಿಕೆ ತೀಡುತ್ತಿದ್ದಳು. ಆ ಮಡಿಕೆಗೆ ಬೆರಳು ತಾಗಿದರೆ ರಕ್ತ ಬರುತ್ತಿತ್ತು. ಅವಳ ಮೊಣಕಾಲು ಮಾತ್ರ ಊದಿ ಕುಂಬಳಕಾಯಿಯಾಗಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಕೆ ಕಾಲೆಳೆದುಕೊಂಡು ಕಚೇರಿಗೆ ಬಂದಳು. ಹೊಸ ನಿಯಮದಂತೆ ಗುಮಾಸ್ತ ಅರ್ಜಿಯನ್ನು ಗಟ್ಟಿಯಾಗಿ ಓದಿದ. ಇಷ್ಟು ವರ್ಷ ಮಡಿಕೆಯೊಳಗಿದ್ದ ಭಾಗ ಆಗ ಹೊರಗೆ ಬಂತು: ಅರ್ಜಿದಾರನ ಹೆಂಡತಿ ಗಟ್ಟಿಮುಟ್ಟಾಗಿದ್ದಾಳೆ, ಅವನಿಗೆ ಎಪ್ಪತ್ತಾಗುವವರೆಗೆ ದುಡಿದು ಮನೆ ನಡೆಸಲು ಆಕೆಗೆ ಸಂತೋಷವಿದೆ.

ಆಕೆ ಇನ್ನೊಮ್ಮೆ ಓದಿ ಎಂದಳು. ಗುಮಾಸ್ತ ಇನ್ನೊಮ್ಮೆ ಓದಿದ.

“ಎಪ್ಪತ್ತು ಅಂದ್ರೆ ಇನ್ನೂ ನಾಲ್ಕು ವರ್ಷ,” ಎಂದಳು ಗಂಡನಿಗೆ. “ಇನ್ನೊಂದೇ ವರ್ಷ ಅಂತಿದ್ರಲ್ರೀ.”

“ಅರ್ಧಕ್ಕಿಂತ ಜಾಸ್ತಿ ತುಂಬಿದೆ ಕಣೇ. ಈಗ ಹೊರಟ್ರೆ ಇಷ್ಟು ದಿನ ಕಾದಿದ್ದಕ್ಕೆ ಏನರ್ಥ?”

“ಕಾದಿದ್ದು ನೀವು. ನಿಂತಿದ್ದು ನಾನು.”

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಅರ್ಜಿಯ ಪಕ್ಕಕ್ಕಿಟ್ಟಳು. “ನಾನು ಇಲ್ಲೇ ಇಳ್ಕೋತೀನಿ,” ಎಂದು ಬಾಗಿಲಿನ ಕಡೆಗೆ ನಡೆಯತೊಡಗಿದಳು.

ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ಮುದುಕರು ಕತ್ತು ಚಾಚಿದರು. ಅವರಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಅವನ ಬಸ್ಸಿನಲ್ಲಿ ಕೂತು ಬೆವರಿದವರೇ. ಮುಂದೆ ಆಗುವುದೇನೆಂದು ಅವರಿಗೆ ಗೊತ್ತಿತ್ತು. ಆಕೆ ಒಂದು ಹೆಜ್ಜೆಗೆ ಕುಂಟಿದಳು, ಇನ್ನೊಂದಕ್ಕೆ ಗೋಡೆ ಹಿಡಿದಳು, ತಿರುಗಿ ಮಾತ್ರ ನೋಡಲಿಲ್ಲ. ಡ್ರೈವರನ ಬಲಗಾಲು ಕಿಟಕಿಯ ಕೆಳಗಿನ ಗೋಡೆಯನ್ನು ಎಷ್ಟು ಜೋರಾಗಿ ತುಳಿಯಿತೆಂದರೆ, ಇಡೀ ಕಟ್ಟಡದ ಸುಣ್ಣ ಉದುರಿ ಸಾಲಿನವರ ತಲೆಯೆಲ್ಲ ಇನ್ನೂ ಬೆಳ್ಳಗಾಯಿತು. ಆಕೆ ಹೊಸ್ತಿಲು ದಾಟುವಷ್ಟರಲ್ಲಿ ಅವನು ಅರ್ಜಿಯನ್ನು ಹರಿದು ಎರಡು ಮಾಡಿದ್ದ.

“ಶುರು ಮಾಡಿ ಸ್ವಾಮಿ,” ಎಂದ ಗುಮಾಸ್ತನಿಗೆ, ಅಳುವ ದನಿಯಲ್ಲಿ. “ಈ ತಿಂಗಳಿಂದ್ಲೇ.”

ಆಕೆ ಅದೇ ಸಂಜೆ ಲಾಂಡ್ರಿಯ ಕೆಲಸ ಬಿಟ್ಟಳು.

ಮೊದಲ ಪಿಂಚಣಿ ಬಂದ ಬೆಳಿಗ್ಗೆ ಬ್ಯಾಂಕಿಗೆ ಗತ್ತಿನಿಂದ ಹೋಗಬೇಕೆಂದು ಡ್ರೈವರು ಬಿಳಿ ಅಂಗಿ ಹುಡುಕಿದ. ಸಿಕ್ಕಿದ ಅಂಗಿ ಹಸು ಅಗಿದು ಉಗಿದಂತಿತ್ತು. ಹೆಂಡತಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಕೂತಿದ್ದಳು. ಇವತ್ತೊಂದು ದಿನ, ಇದೊಂದೇ ಅಂಗಿ, ಬೇಗ ತೀಡಿಕೊಡು ಎಂದು ಅವನು ಪುಸಲಾಯಿಸಿದ.

ಆಕೆ ಅಂಗಿಯನ್ನು ನೋಡಿದಳು. ಮೂಲೆಯಲ್ಲಿದ್ದ ಖಾಲಿ ಬಟ್ಟೆ ಬುಟ್ಟಿಯನ್ನು ನೋಡಿದಳು.

“ಒಂದು ಅಂಗಿಗೆ ಯಾರಾದ್ರೂ ಇಸ್ತ್ರಿ ಬಿಸಿ ಮಾಡ್ತಾರೇನ್ರೀ,” ಎಂದಳು, ಕಾಲನ್ನು ನೀರಿನಿಂದ ತೆಗೆಯದೆ. “ಬುಟ್ಟಿ ತುಂಬ್ಲಿ.”