ಮಿಲ್ಪಿಟಾಸಿನ ಕಂಬಾರ

ಸಂತೆಯಲ್ಲಿ ಯಾರಾದರೂ ಚಾಕುವಿಗೆ ಸಾಣೆ ಹಿಡಿಯುತ್ತಿದ್ದರೆ, ಆ ಬಿಸಿ ಕಬ್ಬಿಣದ ವಾಸನೆಗೆ ನಾನು ಈಗಲೂ ನಿಂತುಬಿಡುತ್ತೇನೆ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಅಮೆರಿಕದ ಮಿಲ್ಪಿಟಾಸಿನಲ್ಲಿ ನಮ್ಮ ಪಕ್ಕದ ಮನೆಯ ಮಿಸ್ಟರ್ ಮೆಕ್‌ಗೋವನ್ ಕೆಲಸ ಕಳೆದುಕೊಂಡು, ಮಧ್ಯಾಹ್ನವೆಲ್ಲ ಗರಾಜಿನ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಧಾರವಾಡದಿಂದ ಬಂದಿದ್ದ ನಮ್ಮಜ್ಜಿಗೆ ಅದನ್ನು ನೋಡಲಾಗಲಿಲ್ಲ. ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ, "ಅವರ ಅಡ್ಡಹೆಸರಿನ ಅರ್ಥ ಏನಂತ ಕೇಳು" ಅಂದಳು. ಊರಿನಲ್ಲೂ ಯಾರನ್ನು ಕಂಡರೂ ಅವಳ ವಿಚಾರಣೆ ಶುರುವಾಗುತ್ತಿದ್ದದ್ದು ಅಡ್ಡಹೆಸರಿನಿಂದಲೇ, ಅಂದರೆ ಮನೆತನದ ಹೆಸರಿನಿಂದಲೇ.

ಅದು ಐರ್ಲೆಂಡಿನ ಹಳೇ ಹೆಸರು, ಕಬ್ಬಿಣ ಬಡಿಯುವವನ ಮಗ ಅಂತ ಅರ್ಥ, ಅಂದರು ಅವರು. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

"ಅಂದ್ರ ನಮ್ಮ ಕಂಬಾರ!" ಅಜ್ಜಿ ಮನೆಗೆ ಹೋಗಿ ಈಳಿಗೆಮಣೆ ತಂದು ಅವರ ಮುಂದಿಟ್ಟಳು.

"ಅಜ್ಜಿ, ನೋ! ಅವರು ಇಂಜಿನಿಯರು!"

"ಇರ್ಲಿ. ಕಂಬಾರ ಬಾಜೂಕ ಇದ್ದೂ ನಾ ಮೊಂಡ ಈಳಗೀಲೆ ಹೆಚ್ಚಬೇಕೇನು?"

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು, ಅರ ಹುಡುಕಿ ತಂದು, ಉಜ್ಜತೊಡಗಿದರು. ಕಬ್ಬಿಣದ ಬಿಸಿ ಪುಡಿ ಅವರ ಮೊಣಕಾಲ ಮೇಲೆ ಉದುರಿತು.

ಅಜ್ಜಿ ಅಲಗಿಗೆ ಬೆರಳು ಹಚ್ಚಿ ನೋಡಿ, ತಲೆಯಾಡಿಸಿ, ಈಳಿಗೆಮಣೆಯ ಜೊತೆಗೇ ತಂದಿದ್ದ, ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಅವರ ಕೈಗಿಟ್ಟಳು. "ಇದು ಕಂಬಾರರ ಆಯ." ಊರಿನಲ್ಲಿ ರೈತರು ಕಂಬಾರರಿಗೆ ದುಡ್ಡಿನ ಬದಲು ಕೊಡುತ್ತಿದ್ದ ಕಾಳಿಗೆ ಹಾಗನ್ನುತ್ತಿದ್ದರು.

ಅವರು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಮ್ಮಪ್ಪ, ಅವರಪ್ಪ, ಯಾರಿಗೂ ಈ ಹೆಸರಿನಿಂದ ಕೆಲಸ ಸಿಕ್ಕಿರಲಿಲ್ಲ" ಅಂದರು.

ನಾನು ಅದನ್ನೂ ಅಜ್ಜಿಗೆ ಹೇಳಿದೆ.

"ಆಯ ತಗೊಂಡ ಮ್ಯಾಲ ವರ್ಷಪೂರ್ತಿ ನಮ್ಮ ಕೆಲಸ ಮಾಡಬೇಕಂತ ಹೇಳು," ಅಂದಳು ಅವಳು. "ನಾಳಿ ಚಾಕು ತರ್ತೀನಿ."